ಮಾಸ್ಟರಿಂಗ್ ಈಕ್ಯೂ: 6, 12, 24, 48 – ಯಾವ ಸ್ಲೋಪ್ ಎಲ್ಲಿಗೆ?

ಮನೆಯಲ್ಲೇ ಹಾಡು ಮಾಸ್ಟರ್ ಮಾಡುವವರು, ಅಂದರೆ ಮಿಕ್ಸ್ ಆದ ಹಾಡಿಗೆ ಈಕ್ಯೂ (ಆವರ್ತನಗಳ ಮಟ್ಟ ತಿದ್ದುವ ಸಾಧನ) ಮುಂತಾದವುಗಳಿಂದ ಕೊನೆಯ ಹದ ಕೊಡುವವರು, ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಹೈಪಾಸ್ 30 ಹರ್ಟ್ಸ್‌ಗೆ ಇಟ್ಟಿದ್ದೇನೆ. ಸ್ಲೋಪ್ 12 ಇಡಲೋ, 24 ಇಡಲೋ, 48 ಇಡಲೋ?" ಹೈಪಾಸ್ ಕೆಳಗಿನ ಸದ್ದನ್ನು ತಡೆಯುವ ಫಿಲ್ಟರ್, ಸ್ಲೋಪ್ ಅದು ಎಷ್ಟು ಕಡಿದಾಗಿ ತಡೆಯುತ್ತದೆ ಅನ್ನುವ ಅಳತೆ. ಬಹಳ ಜನ ಕಸ ಪೂರ್ತಿ ಹೋಗಲಿ ಅಂತ 48ಕ್ಕೆ ತಿರುಗಿಸಿಬಿಡುತ್ತಾರೆ. ಎರಡು ದಿನ ಬಿಟ್ಟು ಇನ್ನೊಂದು ಪ್ರಶ್ನೆ ಬರುತ್ತದೆ: "ಕೆಳಗಿನದನ್ನೆಲ್ಲ ಕತ್ತರಿಸಿದ ಮೇಲೂ ಲಿಮಿಟರ್ ಮೊದಲಿಗಿಂತ ಜಾಸ್ತಿ ಒತ್ತುತ್ತಿದೆ, ಡೊಳ್ಳಿನ ಏಟು ಮೆತ್ತಗಾಗಿದೆ, ಯಾಕೆ?" ಲಿಮಿಟರ್ ಅಂದರೆ ಸದ್ದಿನ ತುದಿಗಳು ಮಿತಿ ದಾಟದಂತೆ ಒತ್ತಿಹಿಡಿಯುವ ಸಾಧನ. ಎರಡನೇ ಪ್ರಶ್ನೆ ಹುಟ್ಟಿದ್ದೇ ಮೊದಲನೆಯದಕ್ಕೆ ಕೊಟ್ಟುಕೊಂಡ ಉತ್ತರದಿಂದ.

ಸ್ಲೋಪ್ ಆರಿಸಲು ಬೇಕಾದ ಮುಖ್ಯ ಅಳತೆ ಒಂದೇ: ನೀವು ತೆಗೆಯಬೇಕಾದ ಸದ್ದಿಗೂ ಉಳಿಸಿಕೊಳ್ಳಬೇಕಾದ ಸ್ವರಕ್ಕೂ ನಡುವೆ ಎಷ್ಟು ಜಾಗ ಇದೆ. ಜಾಗ ಧಾರಾಳವಾಗಿದ್ದರೆ ಮೆಲು ಸ್ಲೋಪ್ ಸಾಕು. ಇಕ್ಕಟ್ಟಾಗಿದ್ದರೆ ಕಡಿದಾದದ್ದು ಬೇಕು, ಅದಕ್ಕೆ ಬೆಲೆಯನ್ನೂ ತೆರಬೇಕು. ಜಾಗವೇ ಇಲ್ಲದಿದ್ದರೆ ಹೈಪಾಸ್ ಫಿಲ್ಟರ್ ಆ ಕೆಲಸಕ್ಕೆ ಬರುವುದಿಲ್ಲ. ಮುಂದಿನದೆಲ್ಲ ಈ ಲೆಕ್ಕದ ವಿವರ.

ಮೊದಲು ಒಂದಷ್ಟು ಪದ

ಆಕ್ಟೇವ್ ಅಂದರೆ ನಮ್ಮ ಸಂಗೀತದ ಸ್ಥಾಯಿ. ಮಧ್ಯ ಷಡ್ಜದಿಂದ ತಾರ ಷಡ್ಜಕ್ಕೆ ಏರಿದರೆ ಒಂದು ಆಕ್ಟೇವ್, ಅಲ್ಲಿ ಆವರ್ತನ ಇಮ್ಮಡಿಯಾಗುತ್ತದೆ. 20ರಿಂದ 40 ಹರ್ಟ್ಸ್ ಒಂದು ಆಕ್ಟೇವ್. 5,000ದಿಂದ 10,000 ಕೂಡ ಒಂದೇ ಆಕ್ಟೇವ್.

ಹೈಪಾಸ್ ಮೇಲಿನ ಆವರ್ತನಗಳಿಗೆ ದಾರಿ ಕೊಟ್ಟು ಕೆಳಗಿನವನ್ನು ತಡೆಯುತ್ತದೆ. ಲೋ-ಪಾಸ್ ಇದರ ತಿರುಗುಮುರುಗು. ಕಟಾಫ್ ಅಂದರೆ ಸಾಮಾನ್ಯವಾಗಿ ಸದ್ದು 3 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಇಳಿದಿರುವ ಬಿಂದು. ಕಟಾಫ್‌ನ ಮೇಲೆ ಎಲ್ಲವೂ ಹಾಗೇ ಇದೆ, ಕೆಳಗೆ ಎಲ್ಲವೂ ಮಾಯ ಎಂದುಕೊಳ್ಳಬೇಡಿ. ಅದು ಇಳಿಜಾರು, ಕಟಾಫ್‌ಗಿಂತ ಸ್ವಲ್ಪ ಮುಂಚೆಯೇ ಬಾಗಲು ಶುರುವಾಗಿರುತ್ತದೆ.

ಆ ಇಳಿಜಾರು ಎಷ್ಟು ಕಡಿದು ಅನ್ನುವುದೇ ಸ್ಲೋಪ್. 12 ಡಿಬಿ ಸ್ಲೋಪ್ ಅಂದರೆ ಒಂದೊಂದು ಆಕ್ಟೇವ್ ಕೆಳಗಿಳಿದಾಗಲೂ ಸದ್ದು ಇನ್ನೂ 12 ಡಿಬಿ ಕಮ್ಮಿ. ಫಿಲ್ಟರಿನ ದರ್ಜೆ ಒಂದು ಏರಿದರೆ ಸ್ಲೋಪ್ 6 ಡಿಬಿ ಏರುತ್ತದೆ: ಒಂದನೇ ದರ್ಜೆ 6, ಎರಡನೆಯದು 12, ನಾಲ್ಕನೆಯದು 24, ಎಂಟನೆಯದು 48.

ಫೇಸ್ ಅಂದರೆ ಅಲೆ ತನ್ನ ಸುತ್ತಿನಲ್ಲಿ ಯಾವ ಹಂತದಲ್ಲಿದೆ ಅನ್ನುವುದು, ಡಿಗ್ರಿಯಲ್ಲಿ. ಪೂರ್ತಿ ಸುತ್ತು 360. ಮಾಮೂಲಿ ಈಕ್ಯೂ ಯಾವುದೇ ಆಗಲಿ, ಮಟ್ಟ ಬದಲಿಸಿದಲ್ಲೆಲ್ಲ ಫೇಸನ್ನೂ ತಿರುಗಿಸುತ್ತದೆ. ಕಟಾಫ್ ಬಿಂದುವಿನಲ್ಲಿ ಆ ತಿರುವು ದರ್ಜೆಗೆ 45 ಡಿಗ್ರಿ. ಅಂದರೆ 6 ಡಿಬಿ ಸ್ಲೋಪಿಗೆ 45, 12ಕ್ಕೆ 90, 24ಕ್ಕೆ 180, 48ಕ್ಕೆ ಪೂರ್ತಿ ಒಂದು ಸುತ್ತು. ಈ ನಾಲ್ಕು ಸಂಖ್ಯೆ ನೆನಪಿರಲಿ, ಮುಂದೆ ಮೂರು ಕಡೆ ಬೇಕಾಗುತ್ತವೆ.

ಏನೇನು ಬೇಕು

ಸ್ಲೋಪ್ ಬದಲಿಸಲು ಬರುವ ಒಂದು ಈಕ್ಯೂ, ಯಾವ ಆವರ್ತನದಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ಒಂದು ಸ್ಪೆಕ್ಟ್ರಮ್ ಅನಲೈಸರ್, ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮತ್ತು ಟ್ರೂ ಪೀಕ್ (ಅಲೆಯ ನಿಜವಾದ ತುದಿಯ ಮಟ್ಟ) ಎರಡನ್ನೂ ತೋರಿಸುವ ಮೀಟರ್. ಕೆಳಸ್ಥಾಯಿ ಸರಿಯಾಗಿ ಕೇಳಿಸುವ ಒಂದು ಹೆಡ್‌ಫೋನ್. ಮಿಕ್ಸ್ ಕಡತ 24 ಬಿಟ್ ಇರಲಿ, ಅದರ ಮೇಲೆ ಲಿಮಿಟರ್ ಬಿದ್ದಿರಬಾರದು.

ಹೆಡ್‌ಫೋನ್ ಯಾಕೆಂದರೆ, 10 ಅಡಿಗೆ 12 ಅಡಿಯ ಮಾಮೂಲಿ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ನಿಲ್ಲುವ ಅಲೆಗಳು ಸುಮಾರು 56 ಮತ್ತು 47 ಹರ್ಟ್ಸ್‌ನಲ್ಲಿ ಬೀಳುತ್ತವೆ. ನೀವು ಕೂತ ಜಾಗವನ್ನು ನೋಡಿಕೊಂಡು ಅಲ್ಲಿ ಬೇಸ್ ಉಬ್ಬಿಯೂ ಕೇಳಬಹುದು, ಇಲ್ಲವೇ ಇಲ್ಲವೆಂಬಂತೆಯೂ ಕೇಳಬಹುದು. ಜೊತೆಗೆ, ಮುಂದೆ ಅಥವಾ ಹಿಂದೆ ತೂತಿರುವ ಸ್ಪೀಕರ್ ಪೆಟ್ಟಿಗೆ ತನ್ನ ಮಿತಿಯ ಕೆಳಗೆ ತಾನೇ ಆಕ್ಟೇವಿಗೆ 24 ಡಿಬಿ ಇಳಿಯುತ್ತದೆ, ತೂತಿಲ್ಲದ್ದು 12. ಐದು ಇಂಚಿನ ಸ್ಪೀಕರ್ ಮುಂದೆ ಕೂತು 25 ಹರ್ಟ್ಸ್‌ನ ಸ್ಲೋಪ್ ಆರಿಸುವುದು ಕತ್ತಲೆಯಲ್ಲಿ ಸೂಜಿಗೆ ದಾರ ಪೋಣಿಸಿದಂತೆ.

ಉದಾಹರಣೆಗೆ ಉದ್ದಕ್ಕೂ ಒಂದೇ ಹಾಡು ಇಟ್ಟುಕೊಳ್ಳೋಣ: ಗಂಡು ದನಿಯ ಒಂದು ಭಾವಗೀತೆ, ಶ್ರುತಿ ಹಾರ್ಮೋನಿಯಮ್ಮಿನ ಕರಿ 1, ಜೊತೆಗೆ ತಂಬೂರಿ, ತಬಲಾ, ಕೊಳಲು. ರೆಕಾರ್ಡ್ ಮಾಡಿದ ಕೋಣೆಯಲ್ಲಿ ಎಸಿ ಓಡುತ್ತಿತ್ತು.

1. ಕಸ ಎಲ್ಲಿದೆ, ಸ್ವರ ಎಲ್ಲಿದೆ – ಎರಡನ್ನೂ ಬರೆದುಕೊಳ್ಳಿ

ಅನಲೈಸರಿನ ಎಫ್‌ಎಫ್‌ಟಿ ಗಾತ್ರವನ್ನು, ಅಂದರೆ ಅದು ಒಂದು ಸಲಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳುವ ಸ್ಯಾಂಪಲ್‌ಗಳ ಸಂಖ್ಯೆಯನ್ನು, ಮೊದಲು 16,384ಕ್ಕೆ ಏರಿಸಿ. ಅನೇಕ ಅನಲೈಸರುಗಳು 4,096ರಲ್ಲಿ ತೆರೆದುಕೊಳ್ಳುತ್ತವೆ. 44.1 ಕಿಲೋಹರ್ಟ್ಸ್ ಸ್ಯಾಂಪಲ್ ರೇಟಿನಲ್ಲಿ ಅಷ್ಟಕ್ಕೆ ಸಿಗುವುದು ಸುಮಾರು 11 ಹರ್ಟ್ಸ್‌ಗೆ ಒಂದು ಗೆರೆ. 20ಕ್ಕೂ 30ಕ್ಕೂ ವ್ಯತ್ಯಾಸ ಕಾಣುವುದಿಲ್ಲ. 16,384ಕ್ಕೆ 2.7 ಹರ್ಟ್ಸ್‌ಗೊಂದು ಗೆರೆ ಸಿಗುತ್ತದೆ.

ಈಗ ಹಾಡಿನಲ್ಲಿ ಯಾರೂ ನುಡಿಸದ ಜಾಗ ಹುಡುಕಿ: ಶುರುವಿನ ಅರ್ಧ ಸೆಕೆಂಡು, ಕೊನೆಯ ಬಾಲ. ಅಲ್ಲಿ ಕಾಣುವುದು ಕೋಣೆಯ ಸದ್ದು. ನಮ್ಮ ಉದಾಹರಣೆಯಲ್ಲಿ 15ರಿಂದ 22 ಹರ್ಟ್ಸ್‌ವರೆಗೆ ಎಸಿಯ ಗುಡುಗು ಇದೆ ಅನ್ನಿ. ಆಮೇಲೆ ಹಾಡಿನ ಅತಿ ಕೆಳಗಿನ ಸ್ವರ ಯಾವುದು ನೋಡಿ. ಕರಿ 1ರ ಮಧ್ಯ ಷಡ್ಜ 138.6 ಹರ್ಟ್ಸ್, ತಂಬೂರಿಯ ಕೊನೆಯ ತಂತಿಯ ಮಂದ್ರ ಷಡ್ಜ ಅದರ ಅರ್ಧ, 69.3. ಡಗ್ಗಾದ (ತಬಲಾ ಜೋಡಿಯ ದೊಡ್ಡದು) ಮೀಂಡ್, ಅಂದರೆ ಅಂಗೈ ಒತ್ತಿ ಜಾರಿಸಿದ ಸ್ವರ, ಎಲ್ಲಿಗೆ ಇಳಿಯುತ್ತದೆ ಅನ್ನುವುದು ವಾದ್ಯ ಮತ್ತು ಕೈ ಎರಡನ್ನೂ ಅವಲಂಬಿಸಿದೆ, ಅನಲೈಸರಿನಲ್ಲೇ ನೋಡಿಕೊಳ್ಳಿ. ಬೇಸ್ ಗಿಟಾರ್ ಇದ್ದರೆ ನಾಲ್ಕು ತಂತಿಯದರ ಕೆಳಗಿನ ಸ್ವರ 41.2, ಐದು ತಂತಿಯದಾದರೆ 30.9.

ಇಲ್ಲಿ ಬಹಳ ಜನ ಎಡವುವುದು ಕರೆಂಟಿನ ಗುಂಯ್‌ನಲ್ಲಿ. ಅದು 50 ಹರ್ಟ್ಸ್ ಮತ್ತು ಅದರ ಗುಣಕಗಳಾದ 100, 150ರಲ್ಲಿ ಕೂತಿರುತ್ತದೆ. ಅದನ್ನು ಹೈಪಾಸಿನಿಂದ ಹೊಡೆಯಲು ಹೋದರೆ ತಂಬೂರಿ, ಡಗ್ಗಾ ಎರಡೂ ಅದರ ಜೊತೆ ಹೋಗುತ್ತವೆ, 100 ಮತ್ತು 150 ಹಾಗೇ ಉಳಿಯುತ್ತವೆ. ಅದಕ್ಕೆ ನಾಚ್, ಅಂದರೆ ಒಂದೇ ಬಿಂದುವನ್ನು ಚುಚ್ಚಿ ತೆಗೆಯುವ ಸಪೂರ ಫಿಲ್ಟರ್ ಬೇಕು. ಸಪೂರತನದ ಅಳತೆಯಾದ ಕ್ಯೂ 30 ಇದ್ದರೆ 50 ಹರ್ಟ್ಸ್‌ನಲ್ಲಿ 1.7 ಹರ್ಟ್ಸ್ ಅಗಲ ಮಾತ್ರ ಹೋಗುತ್ತದೆ. ಕ್ಯೂ 100ಕ್ಕೆ ಏರಿಸಬೇಡಿ: ಗ್ರಿಡ್ಡಿನ ಆವರ್ತನ 50ರ ಆಚೀಚೆ ಸ್ವಲ್ಪ ತೂಗಾಡುತ್ತಲೇ ಇರುತ್ತದೆ, 0.1 ಹರ್ಟ್ಸ್ ಸರಿದರೂ ಸಾಕು, ಅಷ್ಟು ಸಪೂರ ನಾಚ್ 9 ಡಿಬಿಯಷ್ಟನ್ನೂ ತೆಗೆಯಲಾರದು. ಶ್ರುತಿಯನ್ನೂ ಗಮನಿಸಿ. ಬಿಳಿ 2ರ ಷಡ್ಜ 146.8 ಹರ್ಟ್ಸ್, 150ಕ್ಕೆ ಕ್ಯೂ 30ರ ನಾಚ್ ಹಾಕಿದರೆ ಆ ಷಡ್ಜ 2 ಡಿಬಿ ಕುಗ್ಗುತ್ತದೆ. ಷಡ್ಜ ಕುಗ್ಗಿದ ಹಾಡು ಏನೋ ಬೋಳು ಬೋಳು ಅನ್ನಿಸುತ್ತದೆ, ಕಾರಣ ಮಾತ್ರ ಹೊಳೆಯುವುದಿಲ್ಲ.

2. ನಡುವಿನ ಜಾಗವನ್ನು ಆಕ್ಟೇವಿನಲ್ಲಿ ಎಣಿಸಿ

ಕಸದ ಮೇಲಂಚು 22, ಸ್ವರದ ಕೆಳಗಂಚು 69. 22ರ ಇಮ್ಮಡಿ 44, ಅದರ ಇಮ್ಮಡಿ 88. ಅಂದರೆ ನಡುವೆ ಒಂದೂವರೆ ಆಕ್ಟೇವಿಗಿಂತ ಸ್ವಲ್ಪ ಜಾಸ್ತಿ ಜಾಗ. ಈ ಎಣಿಕೆಗೆ ಕ್ಯಾಲ್ಕ್ಯುಲೇಟರ್ ಬೇಕಿಲ್ಲ.

ಒಂದೂವರೆ ಆಕ್ಟೇವ್ ಅಥವಾ ಹೆಚ್ಚು ಇದ್ದರೆ 12 ಡಿಬಿ ಸಾಕು. ಒಂದರ ಆಸುಪಾಸು ಇದ್ದರೆ 12 ಅಥವಾ 18. ಅರ್ಧ ಆಕ್ಟೇವ್ ಮಾತ್ರ ಉಳಿದಿದ್ದರೆ 24, ಅದೂ ಐದನೇ ಹಂತದ ಪರೀಕ್ಷೆ ಮಾಡಿಕೊಂಡು. ಅದಕ್ಕಿಂತ ಕಮ್ಮಿಯಾದರೆ ಹೈಪಾಸ್ ಕೈಬಿಡಿ. ಗುಡುಗು ಬಂದಾಗ ಮಾತ್ರ ಇಳಿಯುವ ಡೈನಾಮಿಕ್ ಈಕ್ಯೂ ಹಾಕಿ, ಅಥವಾ ಮಿಕ್ಸ್ ಮಾಡಿದವರಿಗೆ ಹೇಳಿ ಆ ಒಂದು ಟ್ರ್ಯಾಕಿನಲ್ಲೇ ಸರಿ ಮಾಡಿಸಿ. ಕೊಳಲಿನ ಮೈಕಿಗೆ ಬಿದ್ದ ಎಸಿ ಸದ್ದನ್ನು ಕೊಳಲಿನ ಟ್ರ್ಯಾಕಿನಲ್ಲಿ 150 ಹರ್ಟ್ಸ್‌ಗೇ ಕತ್ತರಿಸಬಹುದು, ಯಾರಿಗೂ ನಷ್ಟವಿಲ್ಲ. ಅದೇ ಕೆಲಸ ಮಾಸ್ಟರಿಂಗ್‌ನಲ್ಲಿ ಮಾಡಿದರೆ ಎಲ್ಲ ವಾದ್ಯವೂ ಕೂಡಿ ದಂಡ ಕಟ್ಟುತ್ತವೆ.

ಹುಡುಕಿದರೂ ಕಸ ಕಾಣದಿದ್ದರೆ? ಹೈಪಾಸ್ ಹಾಕಲೇಬೇಡಿ. "ಪ್ರತಿ ಮಾಸ್ಟರಿಗೂ 30ಕ್ಕೆ ಹೈಪಾಸ್" ಅನ್ನುವುದು ಅಭ್ಯಾಸದಿಂದ ಬಂದ ಮಾತು, ಅಗತ್ಯದಿಂದ ಬಂದದ್ದಲ್ಲ. ಅಲೆಯ ನಡುಗೆರೆ ಸೊನ್ನೆಯಿಂದ ಸರಿದಿದ್ದರೆ, ಅಂದರೆ ಡಿಸಿ ಆಫ್‌ಸೆಟ್ ಇದ್ದರೆ, ಎಡಿಟರಿನ ಡಿಸಿ ತೆಗೆಯುವ ಆಯ್ಕೆ ಅಥವಾ 5 ಹರ್ಟ್ಸ್‌ನ ಮೆಲು ಫಿಲ್ಟರ್ ಸಾಕು.

3. ಕಟಾಫ್ ಮತ್ತು ಸ್ಲೋಪನ್ನು ಜೋಡಿಯಾಗಿ ಆರಿಸಿ

ಈ ಹಂತದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಕಟಾಫ್ 30 ಹರ್ಟ್ಸ್ ಎಂದು ಹಿಡಿದು, ಹೆಚ್ಚಿನ ಈಕ್ಯೂಗಳಲ್ಲಿರುವ ಬಟರ್‌ವರ್ತ್ ಮಾದರಿಯ (ನೆತ್ತಿಯಲ್ಲಿ ಉಬ್ಬಿಲ್ಲದ, ಸಮವಾದ ಫಿಲ್ಟರ್) ಲೆಕ್ಕ ನೋಡೋಣ. ಒಂದು ಕಡೆ 20 ಹರ್ಟ್ಸ್‌ನ ಗುಡುಗು ಎಷ್ಟು ಇಳಿಯಿತು, ಇನ್ನೊಂದು ಕಡೆ 69.3ರ ತಂಬೂರಿಗೆ ಎಷ್ಟು ಪೆಟ್ಟಾಯಿತು.

6 ಡಿಬಿ ಸ್ಲೋಪ್: ಗುಡುಗು 5.1 ಡಿಬಿ ಇಳಿಯುತ್ತದೆ, ತಂಬೂರಿ 0.75 ಡಿಬಿ.
12 ಡಿಬಿ: ಗುಡುಗು 7.8, ತಂಬೂರಿ 0.15.
24 ಡಿಬಿ: ಗುಡುಗು 14.3, ತಂಬೂರಿಯ ಮಟ್ಟಕ್ಕೆ ಏನೂ ಆಗುವುದಿಲ್ಲ.
48 ಡಿಬಿ: ಗುಡುಗು 28.2, ತಂಬೂರಿ ಅಷ್ಟೇ, ಹಾಗೇ.

ಇಷ್ಟನ್ನೇ ನೋಡಿದರೆ 48 ಗೆದ್ದಂತೆ ಕಾಣುತ್ತದೆ. ಈಗ ಕಾಲದ ಲೆಕ್ಕ ನೋಡಿ. ಕಟಾಫ್ ಹತ್ತಿರದ ಆವರ್ತನಗಳನ್ನು ಫಿಲ್ಟರ್ ಎಷ್ಟು ತಡ ಮಾಡಿ ಹೊರಬಿಡುತ್ತದೆ ಅನ್ನುವುದಕ್ಕೆ ಗ್ರೂಪ್ ಡಿಲೇ ಅನ್ನುತ್ತಾರೆ. 30 ಹರ್ಟ್ಸ್‌ನಲ್ಲಿ ಅದು 6 ಡಿಬಿ ಸ್ಲೋಪಿಗೆ 2.7 ಮಿಲಿಸೆಕೆಂಡ್, 12ಕ್ಕೆ 7.5, 24ಕ್ಕೆ 19.6, 48ಕ್ಕೆ 48.5. ಡೊಳ್ಳು ಅಥವಾ ಕಿಕ್ ಡ್ರಮ್ಮಿನಲ್ಲಿ ಕೋಲು ಬಿದ್ದ ಚಟ್ ಸದ್ದು ಮೊದಲು ಬಂದು, ಗುಮ್ ಅನ್ನುವ ಮೈ ಆಮೇಲೆ ತೂರಾಡುತ್ತ ಬಂದಂತೆ ಕೇಳುವುದು ಇದರಿಂದಲೇ. ಕಟಾಫನ್ನು 60ಕ್ಕೆ ಏರಿಸಿದರೆ ಈ ಸಂಖ್ಯೆಗಳು ಅರ್ಧವಾಗುತ್ತವೆ ನಿಜ, ಆದರೆ ಆಗ ಅವು ಬೀಳುವುದು ನೇರವಾಗಿ ಸ್ವರಗಳ ಮೇಲೆ.

ಈ ಹಾಡಿಗೆ ನಮ್ಮ ಆಯ್ಕೆ 12 ಡಿಬಿ, 30 ಹರ್ಟ್ಸ್. ಎಸಿ ಇನ್ನೂ ಕಾಣುತ್ತಿದ್ದರೆ ಕಟಾಫನ್ನು 34–35ರವರೆಗೆ ಎತ್ತಿ, ಸ್ಲೋಪ್ ಮುಟ್ಟಬೇಡಿ. ಸಂದೇಹ ಬಂದಾಗ ಸ್ಲೋಪ್ ಕಡಿದು ಮಾಡುವ ಮುನ್ನ ಕಟಾಫ್ ಸರಿಸಿ ನೋಡುವುದು ಒಳ್ಳೆಯ ರೂಢಿ. ಐದು ತಂತಿಯ ಬೇಸ್ ಇರುವ ಹಾಡಿಗೆ ಇದೇ ಲೆಕ್ಕ ಬದಲಾಗುತ್ತದೆ: ಸ್ವರ 31ರವರೆಗೆ ಇಳಿಯುವುದರಿಂದ 20–22ಕ್ಕೆ 18 ಅಥವಾ 24.

ಇಲ್ಲಿ ಮೂರು ಗುಂಡಿಗಳಿವೆ, ಬೀಳದಿರಿ.

ಮೊದಲನೆಯದು ರೆಸೊನೆನ್ಸ್, ಅಂದರೆ ಕಟಾಫ್ ಹತ್ತಿರ ಬರುವ ಉಬ್ಬು. ಹೈಪಾಸಿಗೂ ಕ್ಯೂ ಗುಬ್ಬಿ ಇರುವ ಈಕ್ಯೂಗಳಲ್ಲಿ 12 ಡಿಬಿ ಸ್ಲೋಪಿಗೆ ಅದು 0.71 ಇದ್ದರೆ ನೆತ್ತಿ ಸಮ. 1ಕ್ಕೆ ಇಟ್ಟರೆ ಕಟಾಫ್ ಮೇಲೆ ಸುಮಾರು 1.25 ಡಿಬಿ ಉಬ್ಬು, 2ಕ್ಕೆ ಇಟ್ಟರೆ 6.3 ಡಿಬಿ ಉಬ್ಬು. ಕತ್ತರಿಸಲು ಹೋಗಿ ಬೇಸ್ ಏರಿಸಿದಂತಾಗುತ್ತದೆ.

ಎರಡನೆಯದು ಎರಡು ಫಿಲ್ಟರ್ ಪೇರಿಸುವುದು. 12 ಡಿಬಿಯ ಎರಡು ಹೈಪಾಸನ್ನು ಒಂದೇ ಕಟಾಫ್‌ಗೆ ಇಟ್ಟರೆ 24 ಸಿಗುತ್ತದೆ, ಆದರೆ ಕಟಾಫ್‌ನಲ್ಲಿ ಇಳಿತ 3ರ ಬದಲು 6 ಡಿಬಿ ಆಗುತ್ತದೆ. ಬಟರ್‌ವರ್ತ್ 24 ಬೇಕಾದರೆ ಒಂದರ ಕ್ಯೂ 0.54, ಇನ್ನೊಂದರದು 1.31 ಇಡಿ.

ಮೂರನೆಯದು ಪ್ಯಾರಲಲ್. ಫಿಲ್ಟರ್ ಮಾಡಿದ್ದನ್ನು ಮೂಲದ ಜೊತೆ ಸಮವಾಗಿ ಬೆರೆಸುವಾಗ, ಅಂದರೆ ಈಕ್ಯೂನ ಮಿಕ್ಸ್ ಗುಬ್ಬಿಯನ್ನು ಅರ್ಧಕ್ಕೆ ತಂದಾಗ, 24 ಡಿಬಿ ಸ್ಲೋಪಿನ 180 ಡಿಗ್ರಿ ಕೈಕೊಡುತ್ತದೆ. ಕಟಾಫ್ ಬಿಂದುವಿನಲ್ಲಿ ಎರಡೂ ಎದುರುಬದುರಾಗಿ ಒಂದನ್ನೊಂದು ತಿನ್ನುತ್ತವೆ. ಅಲ್ಲಿ ಉಳಿಯುವುದು ಮೂಲ ಸದ್ದಿಗಿಂತ 16.7 ಡಿಬಿ ಕೆಳಗೆ, ಆಳದ ಹಳ್ಳ.

4. ಮಿನಿಮಮ್ ಫೇಸ್ ಅಥವಾ ಲೀನಿಯರ್ ಫೇಸ್?

ಫೇಸನ್ನು ತಿರುಗಿಸುವ ಮಾಮೂಲಿ ಬಗೆ ಮಿನಿಮಮ್ ಫೇಸ್, ಎಲ್ಲ ಆವರ್ತನಗಳನ್ನೂ ಒಂದೇ ಸಮ ತಡ ಮಾಡಿ ಫೇಸಿನ ಹೊಂದಿಕೆ ಕೆಡಿಸದ ಬಗೆ ಲೀನಿಯರ್ ಫೇಸ್. "ಲೀನಿಯರ್ ಫೇಸ್ ಹಾಕಿದರೆ ಈ ತಲೆನೋವೇ ಇಲ್ಲವಲ್ಲ" ಅನ್ನುವವರಿದ್ದಾರೆ. ತಲೆನೋವು ಇದ್ದೇ ಇದೆ, ಜಾಗ ಬದಲಿಸಿದೆ ಅಷ್ಟೆ. ಕಡಿದಾದ ಫಿಲ್ಟರ್ ಯಾವುದಾದರೂ ಗಂಟೆಯಂತೆ ಸ್ವಲ್ಪ ಹೊತ್ತು ಅನುರಣಿಸುತ್ತದೆ, ಅದೇ ರಿಂಗಿಂಗ್. ಮಿನಿಮಮ್ ಫೇಸಿನಲ್ಲಿ ಅದು ಏಟಿನ ನಂತರ ಬರುತ್ತದೆ, ಏಟೇ ಅದನ್ನು ಬಹುಪಾಲು ಮುಚ್ಚಿಬಿಡುತ್ತದೆ. ಲೀನಿಯರ್ ಫೇಸಿನಲ್ಲಿ ಅದು ಸರಿಪಾಲಾಗಿ ಏಟಿನ ಮುಂಚೆಯೂ ನಂತರವೂ ಹಂಚಿಹೋಗುತ್ತದೆ. ಮುಂಚೆ ಬಂದದ್ದನ್ನು ಮುಚ್ಚಲು ಅಲ್ಲಿ ಏನೂ ಇರುವುದಿಲ್ಲ. ಡೊಳ್ಳು ಬೀಳುವ ಮುನ್ನ ಯಾರೋ ಉಸಿರೆಳೆದ ಹಾಗೆ ಒಂದು ಮಂಕು ಸದ್ದು ಕೇಳುತ್ತದೆ. ಕಟಾಫ್ ಕೆಳಗಿದ್ದಷ್ಟೂ ಸ್ಲೋಪ್ ಕಡಿದಾದಷ್ಟೂ ಇದು ಉದ್ದವಾಗುತ್ತದೆ.

ಇನ್ನೊಂದು ಸಂಗತಿ. ಲೀನಿಯರ್ ಫೇಸ್ ಈಕ್ಯೂನ ರೆಸೊಲ್ಯೂಶನ್ ಕಮ್ಮಿ ಇಟ್ಟರೆ ಪರದೆಯ ಮೇಲೆ ಬರೆದ ಗೆರೆ ಬೇರೆ, ಕಿವಿಗೆ ಬೀಳುವುದು ಬೇರೆ. 44.1 ಕಿಲೋಹರ್ಟ್ಸ್‌ನಲ್ಲಿ 4,096 ಬಿಂದುಗಳ ಫಿಲ್ಟರ್ 46 ಮಿಲಿಸೆಕೆಂಡ್ ತಡ ಮಾಡುತ್ತದೆ, ಆದರೂ 30 ಹರ್ಟ್ಸ್‌ನಲ್ಲಿ ಕಡಿದಾದ ಇಳಿಜಾರನ್ನು ಸರಿಯಾಗಿ ಕೆತ್ತಲಾರದು. 16,384 ಬಿಂದುಗಳಿದ್ದರೆ ಕೆತ್ತಬಲ್ಲದು, ತಡ 186 ಮಿಲಿಸೆಕೆಂಡಿಗೆ ಏರುತ್ತದೆ. ಮಾಸ್ಟರಿಂಗ್‌ನಲ್ಲಿ ತಡ ತೊಂದರೆಯಲ್ಲ, ಸಾಫ್ಟ್‌ವೇರ್ ಸರಿದೂಗಿಸುತ್ತದೆ.

ಒಟ್ಟು ಸ್ಟೀರಿಯೋ ಮೇಲೆ 12 ಡಿಬಿವರೆಗಿನ ಹೈಪಾಸಿಗೆ ಮಿನಿಮಮ್ ಫೇಸೇ ಸರಿ. ತಾಳವಾದ್ಯ ಇಲ್ಲದ ಆಲಾಪನೆ, ತಂಬೂರಿ–ವೀಣೆಯಂಥ ಎಳೆದ ಸದ್ದಿನಲ್ಲಿ 24 ಅನಿವಾರ್ಯವಾದರೆ ಲೀನಿಯರ್ ಪ್ರಯತ್ನಿಸಬಹುದು. ಅದು ನಿಜಕ್ಕೂ ಬೇಕಾಗುವ ಜಾಗ ಆರನೇ ಹಂತದಲ್ಲಿದೆ.

5. ಲಿಮಿಟರಿಗಿಂತ ಮುಂಚೆ ಹಾಕಿ, ಪೀಕ್ ನೋಡಿ

ಕೆಳಗಿನ ಸದ್ದು ತೆಗೆದರೆ ಪೀಕ್ ಇಳಿಯಬೇಕು ಅನ್ನುವುದು ಸಹಜವಾದ ಊಹೆ. ಅನೇಕ ಸಲ ಅದು ಏರುತ್ತದೆ. ಫೇಸ್ ತಿರುಗಿದಾಗ ಅಲೆಯ ಆಕಾರವೇ ಬದಲಾಗಿ, ಒಂದನ್ನೊಂದು ತಗ್ಗಿಸಿಕೊಂಡಿದ್ದ ತುದಿಗಳು ಒಂದರ ಮೇಲೊಂದು ಕೂರುತ್ತವೆ. ಅತಿರೇಕದ ಉದಾಹರಣೆ ಬೇಕಾದರೆ ಟೋನ್ ಜನರೇಟರಿನಿಂದ 50 ಹರ್ಟ್ಸ್‌ನ ಸ್ಕ್ವೇರ್ ವೇವ್ ತೆಗೆದು, ಅದರ ಮೇಲೆ 30 ಹರ್ಟ್ಸ್‌ಗೆ ಬರೀ 6 ಡಿಬಿಯ ಹೈಪಾಸ್ ಹಾಕಿ ನೋಡಿ. ಚಪ್ಪಟೆ ನೆತ್ತಿ ವಾಲಿ, ಪೀಕ್ 4.8 ಡಿಬಿ ಏರುತ್ತದೆ. ಮಿಕ್ಸಿನಲ್ಲೇ ಕ್ಲಿಪ್ ಮಾಡಿ ಚಪ್ಪಟೆಯಾಗಿಸಿದ ಸಬ್‌ಬೇಸ್ ಹೆಚ್ಚುಕಮ್ಮಿ ಇದೇ ಆಕಾರದಲ್ಲಿರುತ್ತದೆ.

ಆದ್ದರಿಂದ ಹೈಪಾಸ್ ಯಾವತ್ತೂ ಕಂಪ್ರೆಸರ್ (ಜೋರು–ಮೆಲುವಿನ ಅಂತರ ಕಮ್ಮಿ ಮಾಡುವ ಸಾಧನ), ಲಿಮಿಟರ್ ಎರಡರ ಮುಂಚೆ. ಲಿಮಿಟರ್ ಆದ ಮೇಲೆ ಹಾಕಿದರೆ –1 ಡಿಬಿಗೆ ಕಟ್ಟಿದ್ದ ಟ್ರೂ ಪೀಕ್ ಸೊನ್ನೆ ದಾಟಬಹುದು. ಹೈಪಾಸ್ ಹಾಕುವ ಮುನ್ನ ಮತ್ತು ಹಾಕಿದ ಮೇಲೆ ಪೂರ್ತಿ ಹಾಡಿನ ಪೀಕ್ ಬರೆದುಕೊಳ್ಳಿ. ಅರ್ಧ ಡಿಬಿಗಿಂತ ಜಾಸ್ತಿ ಏರಿದರೆ ಸ್ಲೋಪ್ ಒಂದು ಮೆಟ್ಟಿಲು ಇಳಿಸಿ ಅಥವಾ ಕಟಾಫ್ ಕೆಳಗೆ ಸರಿಸಿ, ಮತ್ತೆ ಅಳೆಯಿರಿ.

ಎಲ್‌ಯುಎಫ್‌ಎಸ್ ಅಂಕಿ ನೋಡಿ "ಏನೂ ಬದಲಾಗಲಿಲ್ಲ" ಅಂದುಕೊಳ್ಳಬೇಡಿ. ಆ ಮಾಪನದ ಒಳಗೇ 38 ಹರ್ಟ್ಸ್ ಹತ್ತಿರ ಒಂದು ಹೈಪಾಸ್ ಕೂತಿದೆ. 20 ಹರ್ಟ್ಸ್‌ನ ಗುಡುಗನ್ನು ಅದು 13 ಡಿಬಿ ತಗ್ಗಿಸಿಯೇ ಲೆಕ್ಕ ಹಾಕುತ್ತದೆ. ಲಿಮಿಟರಿಗೆ ಅಂಥ ರಿಯಾಯಿತಿ ಇಲ್ಲ. ಕಸ ತೆಗೆದದ್ದರ ಫಲ ಕಾಣುವುದು ಲಿಮಿಟರಿನ ಮುಳ್ಳಿನಲ್ಲಿ.

6. ಸೈಡ್ ಚಾನೆಲ್ ಮೇಲೆ ಹೈಪಾಸ್: ಇಲ್ಲಿ ಸ್ಲೋಪ್ ತಪ್ಪಿದರೆ ವಾದ್ಯ ಜಾಗ ಬದಲಿಸುತ್ತದೆ

ಸ್ಟೀರಿಯೋವನ್ನು ಮಿಡ್ ಮತ್ತು ಸೈಡ್ ಎಂದು ಒಡೆಯಬಹುದು. ಮಿಡ್ ಎಡ–ಬಲಗಳ ಮೊತ್ತ, ಸೈಡ್ ಅವುಗಳ ವ್ಯತ್ಯಾಸ. ಬೇಸನ್ನು ನಡುವಿಗೆ ಕಟ್ಟಿಹಾಕಲು ಸೈಡಿಗೆ ಮಾತ್ರ 80–120 ಹರ್ಟ್ಸ್ ಹೈಪಾಸ್ ಹಾಕುವುದು ರೂಢಿ. ವಿನೈಲ್ ತಟ್ಟೆಗೆ ಕೊರೆಯುವಾಗ, ಆಮೇಲೆ ನುಡಿಸುವ ಸೂಜಿ ಹಾರದಿರಲು ಇದು ಅನೇಕ ಸಲ ಬೇಕಾಗುತ್ತದೆ. ಆದರೆ ಮಿಡ್ ಹಾಗೇ ಇದ್ದು ಸೈಡಿನ ಫೇಸ್ ಮಾತ್ರ ತಿರುಗಿದರೆ ಎರಡನ್ನೂ ಕೂಡಿಸಿದಾಗ ಏನಾಗುತ್ತದೆ?

ಪೂರ್ತಿ ಎಡಕ್ಕೆ ಇಟ್ಟ ಒಂದು ವಾದ್ಯ, ಅದರ ಸ್ವರ ಸರಿಯಾಗಿ ಕಟಾಫ್ ಮೇಲೆ ಇದೆ ಅನ್ನಿ. 6 ಡಿಬಿ ಸ್ಲೋಪಾದರೆ ಎಡದಲ್ಲಿ 2 ಡಿಬಿ ಇಳಿದು, ಬಲದಲ್ಲಿ –9 ಡಿಬಿಯಷ್ಟು ಸೋರುತ್ತದೆ. ಇನ್ನೂ ಎಡದಲ್ಲೇ ಕೇಳುತ್ತದೆ. 12 ಡಿಬಿಯಾದರೆ ಎಡ, ಬಲ ಎರಡರಲ್ಲೂ ಸಮ, –4.3. 24 ಡಿಬಿಯಾದರೆ ಎಡದಲ್ಲಿ –16.7, ಬಲದಲ್ಲಿ –1.4! ಎಡಕ್ಕೆ ಕೂರಿಸಿದ ವಾದ್ಯದ ಆ ಸ್ವರ ಎದ್ದುಹೋಗಿ ಬಲದಲ್ಲಿ ಕೂತಿತು. 180 ಡಿಗ್ರಿಯ ಕಿತಾಪತಿ ಇದು.

ಲೀನಿಯರ್ ಫೇಸ್ ತನ್ನ ಸಂಬಳ ದುಡಿಯುವುದು ಇಲ್ಲಿ. ಅದರಲ್ಲಿ ಸ್ಲೋಪ್ ಯಾವುದೇ ಇರಲಿ ಆ ಸ್ವರ ಎಡದಲ್ಲಿ –1.4, ಬಲದಲ್ಲಿ –16.7 ಇರುತ್ತದೆ. ನಿಮ್ಮ ಈಕ್ಯೂನಲ್ಲಿ ಲೀನಿಯರ್ ಇಲ್ಲದಿದ್ದರೆ ಸೈಡಿಗೆ 6 ಡಿಬಿ ದಾಟಬೇಡಿ. ಎಡಕ್ಕೆ ತಬಲಾ, ಬಲಕ್ಕೆ ಮೃದಂಗ ಕೂರಿಸಿದ ಜುಗಲ್‌ಬಂದಿಯಲ್ಲಿ ಸೈಡ್ ಹೈಪಾಸಿನ ಗೊಡವೆಗೇ ಹೋಗದಿರುವುದು ಲೇಸು.

7. ಮೇಲ್ತುದಿ: ಲೋ-ಪಾಸ್

ಬಹುತೇಕ ಹಾಡುಗಳಿಗೆ ಬೇಡ. ಸ್ಯಾಂಪಲ್ ರೇಟ್ ಇಳಿಸುವಾಗ ಪರಿವರ್ತಕ ತಾನೇ ಕಡಿದಾದ ಫಿಲ್ಟರ್ ಹಾಕುತ್ತದೆ. 128 ಕೆಬಿಪಿಎಸ್ ಎಂಪಿ3 ಮಾಡಿದರೆ 16–17 ಕಿಲೋಹರ್ಟ್ಸ್ ಮೇಲಿನದು ಸಾಮಾನ್ಯವಾಗಿ ಅಲ್ಲೇ ಹೋಗುತ್ತದೆ. ಹಳೆ ಕ್ಯಾಸೆಟ್ಟಿನ ಸುಯ್‌ ಸದ್ದು ಇದ್ದರೆ 6 ಅಥವಾ 12 ಡಿಬಿ, 14–16 ಕಿಲೋಹರ್ಟ್ಸ್. 48 ಹಾಕಿದರೆ ಸುಯ್‌ ಒಂದು ಗೆರೆಯಲ್ಲಿ ತುಂಡಾಗಿ, ತೆಗೆದದ್ದೇ ಎದ್ದು ಕೇಳುತ್ತದೆ. ಹಳೆಯ ರೆಕಾರ್ಡಿಂಗಿನಲ್ಲಿ 15,625 ಹರ್ಟ್ಸ್ ಮೇಲೆ ಒಂದು ಸಪೂರ ಗೆರೆ ಕಂಡರೆ ಅದು ಪಕ್ಕದಲ್ಲಿ ಉರಿಯುತ್ತಿದ್ದ ಪಿಕ್ಚರ್ ಟ್ಯೂಬ್ ಟಿವಿಯ ಸಿಳ್ಳೆ. ಅದಕ್ಕೂ ನಾಚ್ ಸಾಕು.

44.1ರಲ್ಲಿ ಕೆಲಸ ಮಾಡುವವರು ಒಂದನ್ನು ಗಮನಿಸಿ: ಸರಳ ಡಿಜಿಟಲ್ ಈಕ್ಯೂಗಳಲ್ಲಿ 10 ಕಿಲೋಹರ್ಟ್ಸ್ ದಾಟಿದ ಮೇಲೆ ಗೆರೆ ಮೇಲ್ಮಿತಿಯ ಕಡೆಗೆ ಕುಗ್ಗಿ, ನೀವು ಕೇಳಿದ್ದಕ್ಕಿಂತ ಕಡಿದಾಗುತ್ತದೆ. ಓವರ್‌ಸ್ಯಾಂಪ್ಲಿಂಗ್ (ಒಳಗೆ ಹೆಚ್ಚಿನ ಸ್ಯಾಂಪಲ್ ರೇಟಿನಲ್ಲಿ ಲೆಕ್ಕ ಹಾಕುವ) ಗುಂಡಿ ಇದ್ದರೆ ಒತ್ತಿ.

8. ಶೆಲ್ಫ್ ಮತ್ತು ಬೆಲ್

ಕತ್ತರಿಸುವ ಬದಲು ಒಂದು ಕಡೆಯನ್ನೆಲ್ಲ ಸ್ವಲ್ಪ ಎತ್ತುವ ಅಥವಾ ಇಳಿಸುವ ಮೆಟ್ಟಿಲು ಶೆಲ್ಫ್. "ಬೇಸ್ ಸ್ವಲ್ಪ ಭಾರ" ಅನ್ನಿಸಿದರೆ ಹೈಪಾಸ್ ಏರಿಸುವುದಕ್ಕಿಂತ 100 ಹರ್ಟ್ಸ್‌ಗೆ 1 ಡಿಬಿ ಇಳಿಸಿದ 6 ಡಿಬಿ ಸ್ಲೋಪಿನ ಶೆಲ್ಫ್ ಎಷ್ಟೋ ಮೇಲು. ಫೇಸ್ ತಿರುವು ಕೆಲವೇ ಡಿಗ್ರಿ.

ಮೇಲಿನ ಶೆಲ್ಫಿನಲ್ಲಿ ಮೆಲು ಸ್ಲೋಪಿನ ಇನ್ನೊಂದು ಮುಖ ಕಾಣುತ್ತದೆ. 10 ಕಿಲೋಹರ್ಟ್ಸ್‌ಗೆ 2 ಡಿಬಿ ಎತ್ತಿದ 6 ಡಿಬಿ ಸ್ಲೋಪಿನ ಶೆಲ್ಫ್, 7 ಕಿಲೋಹರ್ಟ್ಸ್‌ನಲ್ಲೇ 0.66 ಡಿಬಿ, 5ರಲ್ಲಿ 0.4 ಡಿಬಿ ಎತ್ತಿರುತ್ತದೆ. ಗಾಯಕರ ಸ, ಶ, ಷಗಳು ಚುಚ್ಚತೊಡಗುವುದು ಅಲ್ಲೇ. ಹಾಗೆಂದು ಕಡಿದಾದ ಶೆಲ್ಫ್ ಹಾಕಿದರೆ ಹಲವು ಈಕ್ಯೂಗಳಲ್ಲಿ ಮೆಟ್ಟಿಲಿನ ಬುಡದಲ್ಲಿ ಹಳ್ಳ, ತುದಿಯಲ್ಲಿ ಉಬ್ಬು ಬರುತ್ತದೆ. ಸ್ಲೋಪ್ ಮೆಲುವಾಗೇ ಇಟ್ಟು ಶೆಲ್ಫನ್ನು 14–16 ಕಿಲೋಹರ್ಟ್ಸ್‌ಗೆ ಸರಿಸಿ ನೋಡಿ.

ಬೆಲ್ ಅಂದರೆ ಒಂದು ಬಿಂದುವಿನ ಆಚೀಚೆ ಮಾತ್ರ ಎತ್ತುವ ಅಥವಾ ಇಳಿಸುವ ಫಿಲ್ಟರ್, ಅದರಲ್ಲಿ ಸ್ಲೋಪಿನ ಕೆಲಸ ಕ್ಯೂ ಮಾಡುತ್ತದೆ. ಕ್ಯೂ 0.67 ಅಂದರೆ ಎರಡು ಆಕ್ಟೇವ್ ಅಗಲ, 1.4 ಅಂದರೆ ಒಂದು, 4.3 ಅಂದರೆ ಮೂರನೇ ಒಂದು. ಮಾಸ್ಟರಿಂಗ್‌ನಲ್ಲಿ ಬಣ್ಣ ತಿದ್ದಲು 0.5ರಿಂದ 1, ದೋಷ ತೆಗೆಯಲು ಮಾತ್ರ 4ರ ಮೇಲೆ.

9. ಕೇಳಿ ನೋಡುವುದು

ಫಿಲ್ಟರ್ ಇರುವ, ಇಲ್ಲದ ಎರಡು ಆವೃತ್ತಿಗಳನ್ನು 0.2 ಡಿಬಿ ಒಳಗೆ ಸಮ ಮಟ್ಟಕ್ಕೆ ತನ್ನಿ. ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅನ್ನಿಸುವುದು ಕಿವಿಯ ಚಟ. ಆಮೇಲೆ 6, 12, 24 ಬದಲಿಸುತ್ತ ಒಂದೇ ಜಾಗವನ್ನು ಕೇಳಿ: ಡಗ್ಗಾ ಅಥವಾ ಕಿಕ್ ಒಂಟಿಯಾಗಿ ಬೀಳುವ, ತಾಳದ ಎರಡು ಸುತ್ತು ಸಾಕು. ಗಮನ ಏಟಿನ ಅಂಚಿನ ಮೇಲಿರಲಿ, ಬೇಸಿನ ಪ್ರಮಾಣದ ಮೇಲಲ್ಲ. ವ್ಯತ್ಯಾಸ ಕೇಳದಿದ್ದರೆ ಮೆಲುವಾದದ್ದನ್ನೇ ಇಟ್ಟುಕೊಳ್ಳಿ.

ಫಿಲ್ಟರ್ ಏನು ತೆಗೆಯಿತು ಅನ್ನುವುದನ್ನೇ ಕೇಳಲು, ಮೂಲವನ್ನು ತಲೆಕೆಳಗು ಮಾಡಿ ಫಿಲ್ಟರ್ ಆದದ್ದರ ಜೊತೆ ಕೂಡಿಸುವ ಉಪಾಯ ಹಲವರಿಗೆ ಗೊತ್ತು. ಮಿನಿಮಮ್ ಫೇಸಿನಲ್ಲಿ ಇದು ದಾರಿ ತಪ್ಪಿಸುತ್ತದೆ. ಫೇಸ್ ತಿರುಗಿದ್ದೂ ವ್ಯತ್ಯಾಸವಾಗಿಯೇ ಕೇಳುವುದರಿಂದ, 12 ಡಿಬಿ ಹೈಪಾಸ್ ಆದರೂ ಉಳಿಕೆಯ ಸದ್ದು ಕಟಾಫ್ ಮೇಲೆ ಆಕ್ಟೇವಿಗೆ 6 ಡಿಬಿಯಂತೆ ಮಾತ್ರ ಇಳಿಯುತ್ತ ಹೋಗುತ್ತದೆ. ಮಟ್ಟದಲ್ಲಿ 0.15 ಡಿಬಿ ಮಾತ್ರ ಕಳೆದುಕೊಂಡ ತಂಬೂರಿ ಅಲ್ಲಿ ಧಾರಾಳವಾಗಿ ಕೇಳುತ್ತದೆ, "ಅಯ್ಯೋ, ಇಷ್ಟೆಲ್ಲ ಹೋಯಿತೇ" ಅಂತ ಗಾಬರಿಯಾಗಿ ಕಟಾಫ್ ಇಳಿಸಿಬಿಡುತ್ತೀರಿ. ಈ ಪರೀಕ್ಷೆ ಮಾಡುವಷ್ಟು ಹೊತ್ತು ಮಾತ್ರ ಅದೇ ಫಿಲ್ಟರನ್ನು ಲೀನಿಯರ್ ಫೇಸಿಗೆ ಬದಲಿಸಿ, ಕೇಳಿ, ಮತ್ತೆ ಮೊದಲಿನಂತೆ ಮಾಡಿ.

ಕಟಾಫ್, ಸ್ಲೋಪ್, ಫೇಸ್ ಬಗೆ, ಹಾಕುವ ಮುನ್ನ ಮತ್ತು ಹಾಕಿದ ಮೇಲಿನ ಪೀಕ್ – ಈ ಐದನ್ನು ಹಾಡಿನ ಹೆಸರಿನ ಮುಂದೆ ಒಂದು ಸಾಲಿನಲ್ಲಿ ಬರೆದಿಡಿ. ಆಲ್ಬಮ್ಮಿನ ಮುಂದಿನ ಹಾಡಿಗೆ ಅದನ್ನೇ ನಕಲು ಮಾಡಬೇಡಿ; ಶ್ರುತಿ ಬದಲಾದರೆ ಎರಡನೇ ಹಂತದ ಎಣಿಕೆ ಹೊಸದಾಗಿ ಆಗಬೇಕು.